ಕಾಟ ಇಲ್ಲದ ಕಂಪನಿ ಹುಡುಕಿ ಮೂರು ದಿನ

೧೯೮೩ರ ಫೆಬ್ರವರಿ ೧೪, ಸೋಮವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ನಾನು ಬಾಂಬೆ ಪಕ್ಕದ ಠಾಣೆ ಊರಿನಿಂದ ಹೊರಟೆ. ಹೊರಟದ್ದು ದೂರಕ್ಕಲ್ಲ. ರಬಾಳೆ, ಡೊಂಬಿವಲಿ, ಕಲ್ಯಾಣ ನೋಡಿಕೊಂಡು ಮತ್ತೆ ಠಾಣೆಗೇ ಮರಳುವುದು. ಮೂರು ದಿನದ ಓಡಾಟ ಎಲ್ಲ ಕೂಡಿಸಿದರೂ ನೂರು ಕಿಲೋಮೀಟರು ಆಗುವುದಿಲ್ಲ. ಊರಿನ ಓದುಗರು ಇದನ್ನು ಪ್ರವಾಸ ಎಂದು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ನಾನು ನೋಡಲು ಹೊರಟದ್ದು ಕೋಟೆಯನ್ನಲ್ಲ, ಕೆಲಸಕ್ಕೆ ಸೇರಲು ಒಂದು ಲಾರಿ ಕಂಪನಿಯನ್ನು.

ಆಗ ನನಗೆ ಇಪ್ಪತ್ತಮೂರು ವರ್ಷ. ಹೆವಿ ಲೈಸೆನ್ಸ್ ಕೈಗೆ ಬಂದು ಹನ್ನೊಂದು ತಿಂಗಳಾಗಿತ್ತು. ಅಷ್ಟೂ ತಿಂಗಳು ಕಾರ್ಕಳದ ಶೀನಣ್ಣನ ಕೈಕೆಳಗೆ ಎರಡನೇ ಡ್ರೈವರ್ ಆಗಿದ್ದೆ. ನಮ್ಮ ಲಾರಿಯಲ್ಲಿ ಹೋಗುತ್ತಿದ್ದದ್ದು ಪ್ಲಾಸ್ಟಿಕ್ ಬಕೆಟು, ಕೊಡ, ಚಾಪೆ. ಹಗ್ಗ ಕಟ್ಟಿ ನಿಲ್ಲಿಸಿದರೆ ನೋಡಲು ಗುಡ್ಡದಂತೆ ಕಾಣುತ್ತಿತ್ತು, ಭಾರ ಮಾತ್ರ ಏನೂ ಇರುತ್ತಿರಲಿಲ್ಲ. ಜನವರಿ ಕೊನೆಯಲ್ಲಿ ಧನಿ ನಾಲ್ಕೂ ಲಾರಿ ಮಾರಿ ತಮ್ಮ ಊರಿಗೆ ಹೋದರು. ಶೀನಣ್ಣನೂ, ಇನ್ನು ಸಾಕು ಎಂದು, ಕಾರ್ಕಳದ ಬಸ್ಸು ಹತ್ತಿದ. ಹತ್ತುವ ಮೊದಲು ನನಗೆ ಮೂರು ಮಾತು ಹೇಳಿದ.

"ಧನಿಗಳ ಮಾತು ಕೇಳ್ಬೇಡ, ವಾಸು. ಯಾರ್ಡಿನಲ್ಲಿ ತಲೆ ಬಿಳಿಯಾದ ಡ್ರೈವರ್ ಎಷ್ಟು ಜನ ಉಂಟು ನೋಡು. ಟೈರಿಗೆ ಕೈ ಹಾಕಿ ನೋಡು. ಮತ್ತೆ, ಅಲ್ಲಿ ಎಂತ ಕಾಟ ಉಂಟು ಅಂತ ಕೇಳು. ಕಾಟ ಇದ್ದ ಕಡೆ ಮನುಷ್ಯ ಬಾಳುವುದಿಲ್ಲ."

ಅದೇ ಸಂಜೆ ಡೈರಿಯಲ್ಲಿ ಸ್ಕೇಲು ಇಟ್ಟು ಗೆರೆ ಎಳೆದೆ. ಮೂರು ಕಲಂ: ಬಿಳಿ ತಲೆ, ಟೈರು, ಕಾಟ. ಎಡಬದಿಗೆ ಮೂರು ಊರಿನ ಹೆಸರು. ಮೂರನ್ನೂ ನೋಡದೆ ಎಲ್ಲಿಯೂ ಒಪ್ಪಿಕೊಳ್ಳಬಾರದು ಎಂದು ಕೆಳಗೆ ಬರೆದುಕೊಂಡೆ. ನಾನು ಉಳಿದುಕೊಂಡಿದ್ದದ್ದು ಚಿಕ್ಕಪ್ಪನ ರೂಮಿನಲ್ಲಿ. ಅವರು ಸ್ಟೇಶನ್ ಹತ್ತಿರದ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾರೆ. ಡೈರಿ ಕಂಡು ಅವರು ನಕ್ಕರು.

"ಹೆಣ್ಣು ನೋಡ್ಲಿಕ್ಕೆ ಹೊರಟವ ಸಹ ಇಷ್ಟು ಬರೆದುಕೊಳ್ಳುವುದಿಲ್ಲ ಮಾರಾಯ. ಇಡ್ಲಿ ತಿಂದು ಹೋಗು. ಅದಕ್ಕೊಂದು ಕಲಂ ಹಾಕಬೇಡ."

ಠಾಣೆ ಸ್ಟೇಶನ್ನಿನಿಂದ ರಬಾಳೆಗೆ ಬಸ್ಸು. ಟಿಕೆಟ್ ಒಂದು ರೂಪಾಯಿ. ಕಳವೆಯ ಸೇತುವೆ ದಾಟುವಾಗ ಕೆಳಗಿನ ಖಾಡಿಯಲ್ಲಿ ಸಮುದ್ರದ ನೀರು ಇಳಿದು ಕೆಸರು ಹೊಳೆಯುತ್ತಿತ್ತು. ಮುಂದೆ ದಿಘೆ, ಐರೋಲಿ. ಬಲಗಡೆ ಉಪ್ಪಿನ ಗದ್ದೆ, ಎಡಗಡೆ ಕಲ್ಲು ಒಡೆದೊಡೆದು ಅರ್ಧವಾದ ಗುಡ್ಡ. ಗುಡ್ಡಕ್ಕೂ ಖಾಡಿಗೂ ನಡುವೆ ಸಾಲು ಕಾರ್ಖಾನೆಗಳು. ಊರು ಇನ್ನೂ ಹುಟ್ಟಿಲ್ಲ, ಆದರೆ ನ್ಯೂ ಬಾಂಬೆ ಎಂಬ ಫಲಕಗಳು ಹುಟ್ಟಿವೆ. ಬೆಳಗಿನ ಚಳಿ ಕಿಟಕಿಯಿಂದ ಬರುತ್ತಿತ್ತು. ಏಳೂವರೆಗೆ ಇಳಿದು, ಜನರನ್ನು ಕೇಳುತ್ತ ಹದಿನೈದು ನಿಮಿಷ ನಡೆದು ಯಾರ್ಡು ಮುಟ್ಟಿದೆ.

ಆ ಕಂಪನಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ತಗಡಿನ ಗೇಟು, ಒಳಗೆ ಒಂದು ಬೇವಿನ ಮರ, ಮರದ ಕೆಳಗೆ ಬೆಂಚು. ಬೆಂಚಿನ ಮೇಲೆ ನನ್ನ ವಯಸ್ಸಿನವನೇ ಒಬ್ಬ ಕೂತಿದ್ದ. ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು. ನನ್ನ ಡೈರಿಯ ಕನ್ನಡ ಅಕ್ಷರ ಕಂಡು ಅವನೇ ಮಾತಾಡಿದ.

"ಎಂತದಾ ಅದು, ಪರೀಕ್ಷೆಗೆ ಓದ್ಕಂಬುದಾ?"

ಹೆಸರು ಗಣಪತಿ, ಹೊನ್ನಾವರದ ಕಡೆಯವನು. ಮುಂದಿನ ಹಲ್ಲು ಅರ್ಧ ಮುರಿದಿತ್ತು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಅವನ ಹೆವಿ ಲೈಸೆನ್ಸಿಗೆ ಇನ್ನೂ ಆರೇ ತಿಂಗಳು. ಠಾಣೆಯಲ್ಲಿ ಹಾಲಿನ ವ್ಯಾನು ಓಡಿಸುತ್ತಿದ್ದ.

"ವ್ಯಾನು ಚಲೋ ಇದೆ, ಸೇಠನೂ ಚಲೋ. ಸೇಠಾಣಿ ಕಾಟ ಮಾತ್ರ ತಡಿಲಿಕ್ಕೆ ಆಗುದಿಲ್ಲ ಮಾರಾಯಾ. ಹಾಲು ಒಡೆದ್ರೂ ನಾನೇ, ಮಳೆ ಬಂದ್ರೂ ನಾನೇ. ಇರ್ತ್ಯೋ ಬಿಡ್ತ್ಯೋ ಇವತ್ತು ಸಂಜೆ ಒಳಗೆ ಹೇಳು ಅಂದಿದ್ದಾಳೆ."

ನಾವಿಬ್ಬರೂ ಕೂಡಿಯೇ ಮುನ್ಶಿಯ ಮುಂದೆ ನಿಂತೆವು. ಯಾವ ಗಾಡಿಗೆ ಯಾವ ಡ್ರೈವರು, ಯಾವ ಊರು ಎಂದು ತೀರ್ಮಾನ ಮಾಡುವವನು ಇವನೇ. ಮಂಗಳೂರು ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಇಲ್ಲೇ. ನಮ್ಮ ಮಾತು ಕೇಳಿ ತನಗೆ ಬರುವ ಕನ್ನಡದಲ್ಲೇ ಮಾತಾಡಿದ.

"ಅನುಭವ ಕಮ್ತಿ ಇದ್ರೂ ಚಲ್ತಾ. ಪರೀಕ್ಷೆ ಇಲ್ಲ, ಎರಡನೇ ಡ್ರೈವರ್ ಅಂತ ಇಲ್ಲ. ಬುಧವಾರ ದುಪಾರಿ, ಮಧ್ಯಾಹ್ನಕ್ಕೆ, ಗಾಡಿ ರೆಡಿ. ಮಾಲ್ ಭರಾಯ್ತು, ಚಾವಿ ತಗೊಂಡ್ರಿ, ನಿಕ್ಲೋ. ನಮ್ಮಲ್ಲಿ ಕಾಟಾ-ಬಿಟಾ ಏನೂ ಇಲ್ಲ."

ಗಣಪತಿ ನನ್ನ ಮುಖ ನೋಡಿದ. ಬಾಯಿಗೆ ಕೈ ಅಡ್ಡ ಬಂದಿತ್ತು. ನಾನು ಕೇಳುವ ಮೊದಲೇ ಮೂರನೇ ಕಲಮಿಗೆ ಉತ್ತರ ಸಿಕ್ಕಿತು ಎಂದು ನನಗೂ ಸಂತೋಷವಾಯಿತು.

ಹೊರಗೆ ಬಂದು ಉಳಿದ ಎರಡು ಕಲಂ ತುಂಬಿಸಿದೆ. ಯಾರ್ಡಿನಲ್ಲಿ ಕಂಡ ಡ್ರೈವರುಗಳು ಒಂಬತ್ತು ಮಂದಿ. ಅವರಲ್ಲಿ ಬಿಳಿ ತಲೆ ಒಂದೂ ಇಲ್ಲ, ಮೂವತ್ತು ದಾಟಿದವರೇ ಕಾಣಲಿಲ್ಲ. ಹೊಸಬರಿಗೆ ಅವಕಾಶ ಕೊಡುವ ಕಂಪನಿ ಇರಬೇಕು ಎಂದು ಪಕ್ಕದಲ್ಲಿ ಬರೆದೆ. ಕೈಹಾಕಿ ನೋಡಿದ ಹತ್ತು ಟೈರುಗಳಲ್ಲಿ ಏಳು ಬೋಳು. ಅದಕ್ಕೂ ನಾನೇ ಸಮಾಧಾನ ಕಂಡುಕೊಂಡೆ: ಫೆಬ್ರವರಿ, ಮಳೆ ಇಲ್ಲ.

ಬೇವಿನ ಕೆಳಗೆ ಗಣಪತಿ ಇನ್ನೂ ಹಿಂದೆ ಮುಂದೆ ನೋಡುತ್ತಿದ್ದ.

"ವ್ಯಾನು ಬಿಟ್ಟುಬಿಡ್ಲಾ? ಇವ್ರ ಗಾಡಿ ಯಾಕೋ ಮುದಿ ಕಾಣ್ತದೆ."

"ಗಾಡಿ ಮುದಿಯಾದರೆ ರಿಪೇರಿ ಮಾಡಬಹುದು, ಸೇಠಾಣಿಗೆ ರಿಪೇರಿ ಉಂಟಾ?" ಎಂದೆ. "ಶೀನಣ್ಣ ಹೇಳಿದ್ದು ಮೂರೇ ಮಾತು, ಕೊನೆಯದೇ ದೊಡ್ಡದು. ಕಾಟ ಇಲ್ಲ ಅಂತ ಅವರೇ ಬಾಯಿಬಿಟ್ಟು ಹೇಳಿದ್ದಾರೆ. ಇನ್ನೆಂತ ಬೇಕು? ಸೇರಿಕೋ."

"ನೀನು?"

"ನನಗೆ ಇನ್ನೆರಡು ಕಡೆ ನೋಡ್ಲಿಕ್ಕುಂಟು. ಬರೆದಿಟ್ಟಿದ್ದೇನಲ್ಲ. ಬುಧವಾರ ಬೆಳಿಗ್ಗೆ ಬಂದು ಹೇಳ್ತೇನೆ."

"ನೀ ಪಟ್ಟಿ ಮುಗಿಸ್ಕಂಡು ಬಾ. ನಾ ನಿನ್ನ ಜಾಗ ಹಿಡ್ದಿಟ್ಕಂಡಿರ್ತೆ. ಆದ್ರೆ ಆ ನಿನ್ನ ಶೀನಣ್ಣನ ಮಾತು ನಂಗೂ ಒಂದು ಚೀಟಿಲಿ ಬರ್ಕೊಡು. ಸೇಠಾಣಿಗೆ ಓದಿ ಹೇಳ್ತೆ."

ನಾನು ಡೈರಿಯ ಕೊನೆಯ ಹಾಳೆ ಹರಿದು ಬರೆದೆ: ರಬಾಳೆ. ಕಾಟ ಇಲ್ಲ. ಪಕ್ಕದಲ್ಲಿ ಸರಿ ಗುರುತು ಹಾಕಿದೆ. ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟು ಮುನ್ಶಿಯ ಕಡೆ ನಡೆದ. ಆಗ ಹತ್ತು ಗಂಟೆ ಐದು ನಿಮಿಷ.

ಮಂಗಳವಾರ ಬೆಳಿಗ್ಗೆ ಏಳು ಗಂಟೆ ಇಪ್ಪತ್ತಕ್ಕೆ ಠಾಣೆಯಿಂದ ಸ್ಲೋ ಲೋಕಲ್ ಹಿಡಿದೆ. ಮುಂಬ್ರಾದ ಹತ್ತಿರ ಖಾಡಿಯ ಅಂಚಿಗೇ ಹಳಿ. ಒಂದು ಬದಿ ನೀರು, ಒಂದು ಬದಿ ಬಂಡೆ. ಎದುರು ದಿಕ್ಕಿನ ಗಾಡಿಗಳಲ್ಲಿ ಬಾಗಿಲಿಗೆ ಜನ ಜೋತುಬಿದ್ದಿದ್ದರು. ನನ್ನ ಡಬ್ಬಿಯಲ್ಲಿ ಕಾಲು ಚಾಚಿ ಕೂರುವಷ್ಟು ಜಾಗ. ಡೊಂಬಿವಲಿಯಲ್ಲಿ ಪೂರ್ವಕ್ಕೆ ಇಳಿದು ಕಾರ್ಖಾನೆಗಳ ಕಡೆ ನಡೆದೆ. ನಲವತ್ತು ನಿಮಿಷದ ದಾರಿ. ಅರ್ಧ ದಾರಿಯಿಂದಲೇ ಗಾಳಿಯಲ್ಲಿ ಮದ್ದಿನ ವಾಸನೆ, ಚರಂಡಿಯಲ್ಲಿ ನೀಲಿ ನೀರು.

ಅಲ್ಲಿನ ಕಂಪನಿಯ ಲಾರಿಗಳು ಕಾರ್ಖಾನೆಯ ಡ್ರಮ್ಮುಗಳನ್ನು ಸಾಗಿಸುತ್ತವೆ. ಮ್ಯಾನೇಜರು ಮರಾಠಿಯವರು, ಇಸ್ತ್ರಿ ಹಾಕಿದ ಅಂಗಿ. ಎರಡು ಖಾಲಿ ಡ್ರಮ್ಮು ನಿಲ್ಲಿಸಿ, ಅವುಗಳ ನಡುವೆ ಲಾರಿಯನ್ನು ಹಿಂದಕ್ಕೆ ತೆಗೆದುಕೋ ಎಂದರು. ಮೊದಲ ಸಲ ತೆಗೆದೆ. ಎರಡನೇ ಸಲ ಎಡಗಡೆಯ ಡ್ರಮ್ಮು ಡಬ್ಬೆಂದು ಉರುಳಿತು. ಸುತ್ತ ನಿಂತವರು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಆಮೇಲೆ ಮ್ಯಾನೇಜರು ಹಿಂದಿಯಲ್ಲಿ ಕೇಳಿದರು, "ಗಾಡಿ ಕಭೀ ಕಾಟೇ ಪೆ ಚಢಾಯಾ ಹೈ?"

ನನ್ನ ಅರ್ಧಂಬರ್ಧ ಹಿಂದಿಗೆ ಆ ಮಾತಿನಲ್ಲಿ ತಿಳಿದದ್ದು ಗಾಡಿ ಮತ್ತು ಕಾಟ, ಎರಡೇ ಪದ. ಗಾಡಿಯಿಂದ ಯಾರಿಗಾದರೂ ತೊಂದರೆ ಮಾಡಿದ್ದೀಯಾ, ಎಲ್ಲಾದರೂ ಗುದ್ದಿದ್ದೀಯಾ ಎಂದು ಕೇಳುತ್ತಿದ್ದಾರೆ ಎಂದುಕೊಂಡೆ. ಗಂಭೀರವಾಗಿ ಉತ್ತರ ಕೊಟ್ಟೆ: "ನಹೀ ಸಾಬ್. ಹಮ್ ಕಿಸೀ ಕೋ ಕಾಟಾ ನಹೀ ದಿಯಾ." ನಾನು ಯಾರಿಗೂ ಕಾಟ ಕೊಟ್ಟವನಲ್ಲ ಎಂಬುದು ನನ್ನ ಅರ್ಥ.

ಈಗ ಎಲ್ಲರೂ ನಕ್ಕರು. ಮ್ಯಾನೇಜರೂ ನಕ್ಕು, ನನ್ನ ಹೆಗಲು ತಟ್ಟಿ, ಎರಡು ವರ್ಷ ಎಲ್ಲಾದರೂ ಓಡಿಸಿ ಬಾ ಎಂದು ಕಳಿಸಿದರು. ಎರಡನೇ ಸಾಲಿನಲ್ಲಿ ಬರೆದೆ: ಡೊಂಬಿವಲಿ. ಬಿಳಿ ತಲೆ ಮೂರು. ಟೈರು ಒಳ್ಳೆಯದು. ಕಾಟ ಎಂದಾಗ ಯಾಕೆ ನಕ್ಕರು? ತಿಳಿಯಲಿಲ್ಲ. ಸ್ಟೇಶನ್ ಹತ್ತಿರ ಒಂದು ಪ್ಲೇಟು ವಡೆ ತಿಂದು, ಚಹಾ ಕುಡಿದು, ಹನ್ನೆರಡೂಮುಕ್ಕಾಲಿನ ಗಾಡಿಗೆ ಕಲ್ಯಾಣಕ್ಕೆ ಹೋದೆ.

ಕಲ್ಯಾಣದ ಯಾರ್ಡು ದುರ್ಗಾಡಿಯ ಖಾಡಿಯ ಹತ್ತಿರ. ಸ್ಟೇಶನ್ನಿನಿಂದ ಟಾಂಗಾ, ನಾಲ್ವರ ಜೊತೆ ಎಂಟಾಣೆ. ಬಿಸಿಲು ಏರಿ ಕುದುರೆಯ ಬೆನ್ನು ಬೆವರುತ್ತಿತ್ತು. ಗೇಟಿನ ಬಳಿಯೇ ಮರದ ನೆರಳಲ್ಲಿ ಒಬ್ಬ ಹಿರಿಯ ಡ್ರೈವರ್ ಲಾರಿಯ ಹಗ್ಗಕ್ಕೆ ಗಂಟು ಹಾಕುವುದನ್ನು ನೋಡಿದೆ. ತಲೆ ಪೂರ್ತಿ ಬಿಳಿ. ನಾನು ಡೈರಿ ತೆಗೆದು ಒಂದು ಗೀಟು ಹಾಕಿದೆ.

"ಏನೋ ತಮ್ಮಾ, ನನ್ನ ನೋಡಿ ಏನ ಬರಕೊಂಡಿ?" ಎಂದು ಆತ ಕನ್ನಡದಲ್ಲೇ ಕೇಳಿದ. "ಪೊಲೀಸರ ಮಂದಿ ಇದ್ದೀಯೇನ?"

ಅವರು ಸಂಗಪ್ಪ, ಬಾಗಲಕೋಟೆ ಕಡೆಯವರು. ಈ ಕಂಪನಿಯಲ್ಲೇ ಹದಿನೇಳು ವರ್ಷ. ನನ್ನ ಗೀಟಿನ ಕಾರಣ ಹೇಳಿದಾಗ ತಲೆ ಸವರಿಕೊಂಡು, "ಇದು ವಯಸ್ಸಿಗೆ ಬಂದ ಬಿಳಿ ಅಲ್ಲಪಾ, ಖಂಡಾಳಾ ಘಾಟ್ ತಂದ ಬಿಳಿ" ಎಂದರು. ಅಂಥ ತಲೆಗಳು ಅಲ್ಲಿ ನಾಲ್ಕು ಸಿಕ್ಕವು. ಟೈರುಗಳಲ್ಲಿ ಬೋಳು ಒಂದೂ ಇರಲಿಲ್ಲ. ಆಮೇಲೆ ಮೂರನೇ ಕಲಂ ಕೇಳಿದೆ.

"ಅಣ್ಣಾ, ಇಲ್ಲಿ ಕಾಟ ಉಂಟಾ?"

"ಐತಿ. ಮಾಲ್ ತುಂಬೂಕಿಂತ ಮೊದಲ ಒಮ್ಮೆ, ತುಂಬಿದ ಮ್ಯಾಲ ಒಮ್ಮೆ. ಕಾಟಾ ಆಗದ ಒಂದು ಗಾಡೀನೂ ಗೇಟ್ ದಾಟಾಂಗಿಲ್ಲ."

ನಾನು ಪೆನ್ನು ನಿಲ್ಲಿಸಿದೆ. ಇಷ್ಟು ಹೆಮ್ಮೆಯಿಂದ ಕಾಟದ ಮಾತು ಹೇಳುವವರನ್ನು ನಾನು ಕಂಡಿರಲಿಲ್ಲ. "ಎರಡೆರಡು ಸಲ ಯಾರು ಕೊಡುವುದು ಕಾಟ? ಧನಿಗಳಾ?" ಎಂದು ಕೇಳಿದೆ.

ಸಂಗಪ್ಪ ಹಗ್ಗ ಬಿಟ್ಟು ನನ್ನನ್ನೇ ನೋಡಿದರು. "ನೀ ಯಾ ಕಡಿಯಾಂವ?"

"ಕಾರ್ಕಳ."

"ಅದಕ್ಕ ಮತ್ತ." ಅವರು ನನ್ನ ಮೊಣಕೈ ಹಿಡಿದು ಗೇಟಿನ ಒಳಕ್ಕೆ ಕರೆದುಕೊಂಡು ಹೋದರು. ನೆಲಕ್ಕೆ ಸಮನಾಗಿ ಕೂಡಿಸಿದ ದೊಡ್ಡ ಕಬ್ಬಿಣದ ಹಲಗೆ. ಪಕ್ಕದ ಕೋಣೆಯಲ್ಲಿ ಹಿತ್ತಾಳೆಯ ದಂಡ. ಶೀನಣ್ಣನೂ ನಾನೂ ಇದನ್ನು ದೂರದಿಂದ ನೋಡಿ ವೇಬ್ರಿಜ್ ಎನ್ನುತ್ತಿದ್ದೆವು. ಬಕೆಟು ಚಾಪೆಯ ಲಾರಿಯನ್ನು ಇದರ ಮೇಲೆ ಹತ್ತಿಸುವ ಪ್ರಸಂಗವೇ ಬಂದಿರಲಿಲ್ಲ.

"ಕಾಟಾ ಅಂದ್ರ ಇದು, ತಮ್ಮಾ. ತಕ್ಕಡಿ ಮುಳ್ಳು. ಮರಾಠ್ಯಾಗ, ಹಿಂದ್ಯಾಗ, ನಮ್ಮ ಕಡೆ ಸಂತ್ಯಾಗೂ ಇದಕ್ಕ ಕಾಟಾ ಅಂತಾರ. ಮಾಲು ಎಷ್ಟು ಭಾರ ಐತಿ, ಘಾಟಿನ್ಯಾಗ ಬ್ರೇಕ್ ಹಿಡೀತೈತೋ ಇಲ್ಲೋ, ಎಲ್ಲಾ ಇಲ್ಲೇ ಗೊತ್ತಾಗಬೇಕು. ನೀ ಕಾಟ ಅಂದ್ರ ಕಿರಿಕಿರಿ ಅಂತ ತಿಳಕೊಂಡೀಯಲ್ಲೋ, ಹುಚ್ಚಪ್ಪಾ!"

ಅವರು ನಗುತ್ತಿದ್ದರು. ನನ್ನಿಂದ ನಗಲಾಗಲಿಲ್ಲ. ಗಾಡಿಯನ್ನು ಇದರ ಮೇಲೆ ಹತ್ತಿಸಿದ್ದೀಯಾ ಎಂದು ಮ್ಯಾನೇಜರು ಕೇಳಿದ್ದು; ಡೊಂಬಿವಲಿಯಲ್ಲಿ ಯಾಕೆ ನಕ್ಕರು ಎಂಬುದು ತಿಳಿಯಿತು. ಅದರ ಹಿಂದೆಯೇ ರಬಾಳೆಯ ಬೇವಿನ ಮರ ನೆನಪಾಯಿತು.

"ಕಾಟಾ ಇಲ್ಲ ಅಂತ ಒಂದು ಕಂಪನಿಯವರು ಹೇಳಿದರೆ?" ಎಂದು ಕೇಳಿದೆ.

ಸಂಗಪ್ಪನವರ ನಗು ನಿಂತಿತು. "ಹಿಡಿಯೂ ಅಷ್ಟು ತುಂಬತಾರ ಅಂತ ಅರ್ಥ. ಹತ್ತು ಟನ್ನಿನ ಗಾಡಿಗೆ ಹದಿನಾಲ್ಕು, ಹದಿನೈದು. ಡ್ರೈವರಗ ಗೊತ್ತಾಗೂದು ಇಳಿಜಾರಿನ್ಯಾಗ. ತಿಳಿದಾಂವ ಯಾರೂ ಅಂಥಲ್ಲಿ ಹೋಗಾಂಗಿಲ್ಲ. ಹಿಂಗಾಗಿ ಹೊಸಾ ಹುಡುಗರನ್ನ ಹುಡುಕತಾರ. ಯಾಕ, ನೀ ಹೂಂ ಅಂದೀಯೇನ?"

"ನಾನಲ್ಲ," ಎಂದೆ. ಗಣಪತಿಯ ವಿಷಯ ಹೇಳಿದೆ. ಬುಧವಾರ ಮಧ್ಯಾಹ್ನ ಅವನಿಗೆ ಗಾಡಿ ಕೊಡುವವರಿದ್ದಾರೆ ಎಂದೂ ಹೇಳಿದೆ.

"ಹಂಗಾದ್ರ ಮುಂಜಾನಿ ಹೋಗಿ ಕರಕೊಂಬಾ. ಇಬ್ರನ್ನೂ ಮಾಲಕರ ಮುಂದ ನಿಲ್ಲಸ್ತೀನಿ. ಮೊದಲ ನಾಕು ತಿಂಗಳು ಎರಡನೇ ಡ್ರೈವರ್, ಘಾಟಿನ್ಯಾಗ ಸ್ಟೇರಿಂಗ್ ಮುಟ್ಟಾಂಗಿಲ್ಲ. ಒಪ್ಪಿಗಿ ಇದ್ರ ಬರ್ರಿ."

ಇದಕ್ಕಿಂತ ಮೊದಲು ಎರಡನೇ ಡ್ರೈವರ್ ಎಂಬ ಮಾತು ನನಗೆ ಅವಮಾನದಂತೆ ಕೇಳುತ್ತಿತ್ತು. ಆ ದಿನ ಹಾಗೆ ಅನ್ನಿಸಲಿಲ್ಲ.

ಬುಧವಾರ, ಹದಿನಾರು. ಮೊದಲ ಬಸ್ಸಿಗೇ ಹೊರಟೆ. ಐರೋಲಿಯ ಹತ್ತಿರ ಬಸ್ಸಿನ ಟೈರು ಪಂಕ್ಚರಾಗಿ ಇಪ್ಪತ್ತೆರಡು ನಿಮಿಷ ನಿಂತಿತು. ಆಗಲೂ ಮಧ್ಯಾಹ್ನಕ್ಕೆ ಬೇಕಾದಷ್ಟು ಹೊತ್ತು ಇದೆ ಎಂದು ಲೆಕ್ಕ ಹಾಕಿದೆ. ಏಳು ಗಂಟೆ ಐವತ್ತಕ್ಕೆ ತಗಡಿನ ಗೇಟು ದಾಟಿದೆ. ಬೆಂಚು ಖಾಲಿ ಇತ್ತು.

"ತೋ ಗೇಲಾ," ಎಂದ ಗೇಟಿನವನು. ಅವನು ಹೋದ. ನಿನ್ನೆ ಹನ್ನೊಂದು ಗಂಟೆಗೇ ಹೋದ. ನೀಲಿ ತಲೆಯ ಲಾರಿ, ಕಬ್ಬಿಣದ ಸರಳು. ಹಿಂದೆ ಚಾಚಿದ ಸರಳಿಗೆ ಕೆಂಪು ಬಟ್ಟೆಯನ್ನು ಅವನೇ ಕಟ್ಟಿದ. ಪನವೇಲ್ ಮೇಲೆ ಖಂಡಾಳಾ, ಅಲ್ಲಿಂದ ಕೊಲ್ಹಾಪುರ.

ಮುನ್ಶಿ ಚಹಾ ಕುಡಿಯುತ್ತಿದ್ದ. "ಗಾಡಿ ಒಂದು ದಿನ ಮೊದಲೇ ರೆಡಿ ಆಯ್ತು," ಎಂದ. "ನಿನಗೂ ಉಂಟು, ಸಂಜೆಗೆ."

"ಎಷ್ಟು ಟನ್ ಹಾಕಿದಿರಿ ಅವನಿಗೆ?"

"ಯಾರಿಗೆ ಗೊತ್ತು?"

"ನೀವು ಕಾಟ ಇಲ್ಲ ಅಂದಿರಿ."

"ಖೋಟಾ ಹೇಳ್ದೆನಾ?" ಅವನು ನಿಜಕ್ಕೂ ಆಶ್ಚರ್ಯಪಟ್ಟಂತೆ ಕಂಡಿತು. ಕಪ್ಪು ಹಿಡಿದ ಕೈಯಿಂದ ಯಾರ್ಡನ್ನೆಲ್ಲ ತೋರಿಸಿದ. "ನೋಡು. ಎಲ್ಲುಂಟು ಕಾಟಾ?"

ಅವನು ಸುಳ್ಳು ಹೇಳಿರಲಿಲ್ಲ. ಆ ಪದಕ್ಕೆ ಬೇರೆ ಅರ್ಥ ಕೊಟ್ಟವನು ನಾನು, ಕೊಟ್ಟದ್ದನ್ನು ಬರೆದು ಇನ್ನೊಬ್ಬನ ಜೇಬಿಗೆ ಹಾಕಿದವನೂ ನಾನು.

ಸರಳು ತುಂಬಿದ ಜಾಗವನ್ನು ಗೇಟಿನವನು ತೋರಿಸಿದ. ಒಣ ನೆಲದಲ್ಲಿ ಲಾರಿಯ ಹಿಂದಿನ ಚಕ್ರಗಳು ನಿಂತ ಗುಂಡಿಗಳು ಹಾಗೇ ಇದ್ದವು. ಬೆರಳು ಇಳಿಸಿ ನೋಡಿದೆ. ನನ್ನ ನಡುಬೆರಳಿನ ಎರಡು ಗೆಣ್ಣು ಪೂರ್ತಿ ಮುಳುಗಿತು. ಪಕ್ಕದಲ್ಲಿ ಖಾಲಿ ಲಾರಿ ನಿಂತ ಗುರುತಿನಲ್ಲಿ ಉಗುರೂ ಮುಳುಗಲಿಲ್ಲ. ಎರಡನ್ನೂ ಬರೆದುಕೊಂಡೆ. ಯಾಕೆ ಬರೆದುಕೊಂಡೆನೋ ಗೊತ್ತಿಲ್ಲ. ಆ ಹೊತ್ತಿಗೆ ಕೈಗೆ ಬೇರೆ ಕೆಲಸ ಇರಲಿಲ್ಲ.

ಇನ್ನೊಂದು ಹಾಳೆ ಹರಿದು ಬರೆದೆ: ಗಣಪತಿ, ಕಾಟಾ ಎಂದರೆ ತೂಕದ ಯಂತ್ರ. ನನಗೆ ತಪ್ಪು ತಿಳಿದಿತ್ತು. ಬಂದ ಕೂಡಲೇ ಕಲ್ಯಾಣಕ್ಕೆ ಬಾ, ನಿನಗೂ ಜಾಗ ಉಂಟು. ವಾಸು. ಗೇಟಿನವನು ಅದನ್ನು ತನ್ನ ಲಾಟೀನಿನ ಮೊಳೆಗೆ ಸಿಕ್ಕಿಸಿದ. ಠಾಣೆಯ ಬಸ್ಸು ಹೊರಟಾಗ ಕಿಟಕಿಯಿಂದ ಹಿಂದಕ್ಕೆ ನೋಡಿದೆ. ಕಾರ್ಖಾನೆಗಳ ಮೇಲೆ ಬೇವಿನ ತುದಿ ಸ್ವಲ್ಪ ಹೊತ್ತು ಕಂಡಿತು. ರಸ್ತೆಯಲ್ಲಿ ಪನವೇಲ್ ಕಡೆಗೆ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು.

ನಾನು ಕಲ್ಯಾಣದಲ್ಲಿ ಸೇರಿಕೊಂಡೆ. ಮಾರ್ಚ್ ೬, ಭಾನುವಾರ ರಬಾಳೆಗೆ ಹೋದಾಗ ನನ್ನ ಚೀಟಿ ಅದೇ ಮೊಳೆಯಲ್ಲಿತ್ತು. ಗೇಟಿನವನು ಹೊಸಬ, ಗಣಪತಿಯ ಹೆಸರು ಕೇಳಿದವನಲ್ಲ. ಏಪ್ರಿಲ್‌ನಲ್ಲಿ ಹೋದಾಗ ಗೇಟಿಗೆ ಬೀಗ. ಹಾಲಿನ ಸೇಠಾಣಿಯನ್ನೂ ಹುಡುಕಿ ಕೇಳಿದೆ. "ಅವನು ಬರುವುದಾದರೆ ಬರಲಿ, ನಾನೇನೂ ಅನ್ನುವುದಿಲ್ಲ" ಎಂದು ಆಕೆ ಮರಾಠಿಯಲ್ಲಿ ಎರಡೆರಡು ಸಲ ಹೇಳಿದಳು. ಖಂಡಾಳಾ ದಾರಿಯ ಇಪ್ಪತ್ತೇಳು ಡ್ರೈವರುಗಳನ್ನು ಈವರೆಗೆ ವಿಚಾರಿಸಿದ್ದೇನೆ. ನೋಡಿದ್ದೇನೆ ಎಂದವರು ಇಲ್ಲ. ಅಪಘಾತವಾಯಿತು ಎಂದವರೂ ಇಲ್ಲ. ಬೇರೆ ಕಂಪನಿ ಸೇರಿ ಎಲ್ಲೋ ಸುಖವಾಗಿ ಓಡಿಸುತ್ತಿರಬಹುದು ಎಂದು ಸಂಗಪ್ಪಣ್ಣ ಹೇಳುತ್ತಾರೆ. ಹೇಳುವಾಗ ನನ್ನ ಮುಖ ನೋಡುವುದಿಲ್ಲ.

ಹೊನ್ನಾವರದ ಕಡೆಯವನು ಎಂಬುದಷ್ಟೇ ಗೊತ್ತು. ಯಾವ ಹಳ್ಳಿ, ಯಾರ ಮಗ ಎಂದು ನಾನು ಕೇಳಿರಲಿಲ್ಲ; ನನ್ನ ಮೂರು ಕಲಮಿನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಎಡ ಹುಬ್ಬಿನ ಮೇಲೆ ಗಾಯದ ಗುರುತು, ಮುಂದಿನ ಹಲ್ಲು ಅರ್ಧ, ನಗುವಾಗ ಬಾಯಿಗೆ ಕೈ ಅಡ್ಡ. ಇದನ್ನು ಓದಿದ ಯಾರಾದರೂ ಅವನನ್ನು ಬಲ್ಲವರಿದ್ದರೆ ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಅವನೇ ಓದಿದರೆ ಅವನೇ ಬರೆಯಲಿ. ನನ್ನ ಅಕ್ಷರದ ಚೀಟಿ ಅವನ ಜೇಬಿನಲ್ಲಿದೆ. ಅದನ್ನು ತಿದ್ದಿ ಕೊಡಬೇಕಾಗಿದೆ.